ದೊಡ್ಡಮ್ಮ ಕನ್ನಡದಲ್ಲಿ ಅತ್ತದ್ದು

ಆ ನಿರ್ದೇಶಕನನ್ನು ಮಣಿಪಾಲಕ್ಕೆ ಕರೆಸಿದವನು ನಾನೇ. ಮರ್ಯಾದೆಯಿಂದ ಕರೆಸಿದೆ, ಶಾಲು ಹೊದೆಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಹತ್ತು ಜನರ ಎದುರು ಅವನ ಮಾನ ಕಳೆಯಬೇಕೆಂದೇ ಇಷ್ಟೆಲ್ಲ ಮಾಡಿದ್ದು. ಅದಕ್ಕಾಗಿ ನನಗೆ ಈಗಲೂ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಮಣಿಪಾಲದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಭಾನುವಾರ ಸಂಜೆ ಸೇರಿ ಹಳೆಯ ಅಪರಾಧ ಚಿತ್ರಗಳನ್ನು, ಜನ ಹುಚ್ಚು ಹಿಡಿಸಿಕೊಂಡು ಮತ್ತೆ ಮತ್ತೆ ನೋಡುವ ಕಲ್ಟ್ ಚಿತ್ರಗಳನ್ನು ನೋಡುತ್ತೇವೆ. ಕೆಲವೊಮ್ಮೆ ಸಿನಿಮಾ ಮಾಡಿದವರೇ ಅತಿಥಿಗಳಾಗಿ ಬರುತ್ತಾರೆ. ಅವರನ್ನು ಮಾತಾಡಿಸುವ ಕೆಲಸ ನನ್ನದು. ಇಷ್ಟು ವರ್ಷ ಪರದೆಯ ಮೇಲೆ ಕೊಲೆಗಾರರನ್ನು ನೋಡಿ ನಾನು ಕಲಿತದ್ದು ಒಂದೇ: ಜಾಣ ಪತ್ತೇದಾರ ಹೆಚ್ಚು ಮಾತಾಡುವುದಿಲ್ಲ. ಸಿಕ್ಕಿಬೀಳಬೇಕಾದವನು ತಾನಾಗಿಯೇ ಮಾತಾಡಿ ಸಿಕ್ಕಿಬೀಳುತ್ತಾನೆ.

ಈ ನಿರ್ದೇಶಕ ಕೆಲವು ವರ್ಷಗಳ ಹಿಂದೆ ಕಾಪು ಮತ್ತು ಕಾರ್ಕಳದಲ್ಲಿ ಒಂದು ಕೊಲೆಯ ಕತೆ ಚಿತ್ರೀಕರಿಸಿದ್ದ. ಕಾಪುವಿನಲ್ಲಿ ಚಿತ್ರತಂಡದ ವ್ಯಾನು ರಿವರ್ಸ್ ಬರುವಾಗ ನನ್ನ ದೊಡ್ಡಮ್ಮನ ನಾಯಿಯ ಮೇಲೆ ಹರಿಯಿತು. ದೊಡ್ಡಮ್ಮ ಮಲ್ಲಿಗೆ ಬೆಳೆಯುವವರು. ಬೆಳಗ್ಗೆ ಅವರು ಹೂ ಕೊಯ್ಯುವಾಗ ಆ ಕಪ್ಪು ನಾಯಿ ಗಿಡದಿಂದ ಗಿಡಕ್ಕೆ ಅವರ ಹಿಂದೆಯೇ ಹೋಗುತ್ತಿತ್ತು. ವ್ಯಾನಿನ ಚಕ್ರದ ಪಕ್ಕ ನೆಲದ ಮೇಲೆ ಕೂತು ಅವರು ಕೂಗಿದರು: “ಎಂತ ಮಾಡಿದ್ರಿ ಮಾರಾಯ್ರೇ! ಅದಕ್ಕೆ ಎಂತ ಗೊತ್ತುಂಟು!”

ನಮ್ಮ ಮನೆಮಾತು ತುಳು. ದೊಡ್ಡಮ್ಮ ಬೈಯುವುದು, ನಗುವುದು, ಹರಕೆ ಹೇಳಿಕೊಳ್ಳುವುದು ಎಲ್ಲವೂ ತುಳುವಿನಲ್ಲಿ. ಆ ದಿನ ಎದುರು ನಿಂತವರು ಬೆಂಗಳೂರಿನವರು. ಅವರಿಗೆ ಅರ್ಥವಾಗಲಿ ಎಂದು, ಎದೆ ಒಡೆದುಹೋದ ಆ ಹೊತ್ತಿನಲ್ಲೂ ನೆನಪಿಟ್ಟು, ದೊಡ್ಡಮ್ಮ ಕನ್ನಡದಲ್ಲಿ ಅತ್ತರು. ಶಬ್ದ ಮುದ್ರಿಸುವವನ ಮೈಕು ಚಾಲೂ ಇತ್ತು.

ಸಿನಿಮಾ ಬಂತು. ಅದರಲ್ಲಿ ಕಾರ್ಕಳದ ಲಾಡ್ಜೊಂದರಲ್ಲಿ ಪೊಲೀಸ್ ಅಧಿಕಾರಿ ಕಪಾಟಿನ ಬಾಗಿಲು ತೆಗೆಯುತ್ತಾನೆ, ಹೆಣ ಅವನ ಮೈಮೇಲೆ ಬೀಳುತ್ತದೆ, ಪಕ್ಕದ ಕೋಣೆಯಿಂದ ದೊಡ್ಡಮ್ಮನ ಕೂಗು ಕೇಳುತ್ತದೆ. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಸಿನಿಮಾ ಥಿಯೇಟರಿನಲ್ಲಿ ಓಡಲಿಲ್ಲ, ಮೊಬೈಲುಗಳಲ್ಲಿ ಓಡಿತು. ಆ ಮಾತು ರಿಂಗ್‌ಟೋನ್ ಆಯಿತು, ಟೀ ಶರ್ಟಿನ ಮೇಲೆ ಬಂತು. ಹೂ ಕೊಡಲು ಉಡುಪಿಗೆ ಹೋಗುವಾಗ ದೊಡ್ಡಮ್ಮ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದರೆ ಸಾಕು, ಸ್ವರದ ಗುರುತು ಹಿಡಿದು ಹಿಂದಿನ ಸೀಟಿನಿಂದ ಯಾರಾದರೂ ಅದೇ ಮಾತನ್ನು ಅಣಕಿಸಿ ಕೂಗುತ್ತಿದ್ದರು. ಅವರು ಬಸ್ಸಿನಲ್ಲಿ ಬಾಯಿ ತೆರೆಯುವುದನ್ನು ಬಿಟ್ಟರು. ಆಮೇಲೆ ಬಸ್ಸನ್ನೇ ಬಿಟ್ಟರು. ಆ ಸ್ವರ ತೆಗೆದುಬಿಡಿ ಎಂದು ಅವರ ಮಗ ನಿರ್ದೇಶಕನಿಗೆ ಫೋನ್ ಮಾಡಿದಾಗ ಸಿಕ್ಕಿದ ಉತ್ತರ: “ನಿಮ್ಮಮ್ಮ ಫೇಮಸ್ ಆಗಿದ್ದಾರೆ ಗುರು, ಖುಷಿ ಪಡಿ.”

ಅದನ್ನು ಕೇಳಿದ ದಿನದಿಂದ ನಾನು ಹಲ್ಲು ಕಚ್ಚಿಕೊಂಡು ಕಾದೆ. ಪರ್ಕಳದ ನನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಆ ದೃಶ್ಯದ ಶಬ್ದವನ್ನು ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಒಂದು ದಿನ ನನಗೆ ಬೇಕಾದದ್ದು ಸಿಕ್ಕಿತು. ಆಮೇಲೆಯೇ ಅವನಿಗೆ ಆಹ್ವಾನ ಹೋದದ್ದು.

ಹಾಲ್ ತುಂಬಿತ್ತು. ಹಳೆಯ ಅಪರಾಧ ಚಿತ್ರಗಳ ಬಗ್ಗೆ ಅವನು ಚೆನ್ನಾಗಿಯೇ ಮಾತಾಡಿದ, ಅದನ್ನು ಒಪ್ಪಬೇಕು. ಸುಳಿವನ್ನು ಪ್ರೇಕ್ಷಕನ ಕಣ್ಣೆದುರೇ ಇಡಬೇಕು, ಆದರೂ ಅವನಿಗೆ ಕಾಣಬಾರದು ಎಂದ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ “ಎಂತ ಮಾಡಿದ್ರಿ ಮಾರಾಯ್ರೇ” ಎಂದು ಕೂಗಿದ. ಎಲ್ಲರೂ ನಕ್ಕರು. ನಿರ್ದೇಶಕ ಚುನಾವಣೆ ಗೆದ್ದವನ ಹಾಗೆ ಕೈ ಎತ್ತಿದ. ನಾನೂ ಹಲ್ಲು ಕಿರಿದು ಕೇಳಿದೆ: “ಆ ಸ್ವರ ಯಾರದ್ದು ಸರ್?”

“ಬೆಂಗಳೂರಿನ ಡಬ್ಬಿಂಗ್ ಕಲಾವಿದೆ. ನಿಮ್ಮ ಕಡೆ ಕನ್ನಡನ ನಾನೇ ಕೂತು ಹೇಳಿಕೊಟ್ಟೆ. ಕಾಮಿಡಿಗೆ ಟೈಮಿಂಗ್ ಮುಖ್ಯ ನೋಡಿ.”

“ಅಂದರೆ ಸ್ಟುಡಿಯೋದಲ್ಲಿ ಮಾಡಿದ್ದು?”

“ಪೂರ್ತಿ ಸ್ಟುಡಿಯೋ. ಅವರು, ನಾನು, ಒಂದು ಮೈಕು. ಅಷ್ಟೇ.”

ನನಗೆ ಅಷ್ಟೇ ಸಾಕಿತ್ತು. ಚಿತ್ರ ಬೇಡ, ಬರೀ ಶಬ್ದ ಹಾಕು ಎಂದು ಪ್ರೊಜೆಕ್ಟರ್ ಹತ್ತಿರ ಕೂತಿದ್ದ ಗೆಳೆಯನಿಗೆ ಹೇಳಿದೆ. ಪರದೆ ಕಪ್ಪಾಯಿತು. ಬಾಗಿಲು ಕಿರುಗುಟ್ಟಿತು, ಹೆಣ ದೊಪ್ಪನೆ ಬಿತ್ತು, ದೊಡ್ಡಮ್ಮ ಕೂಗಿದರು. ಯಾರೋ ನಗಲು ಶುರುಮಾಡಿದರು. ಕೂಗು ಮುಗಿದು ಸಂಗೀತ ಏಳುವುದರ ನಡುವೆ ಸಣ್ಣಗೆ ಒಂದು ನಾಯಿ ಕುಂಯ್‌ಗುಟ್ಟಿತು. ಉಸಿರೆಳೆದು ಇನ್ನೊಮ್ಮೆ ಕುಂಯ್‌ಗುಟ್ಟಿತು. ಮತ್ತೆ ಹಾಕಿಸಿದೆ. ಈ ಸಲ ಯಾರೂ ನಗಲಿಲ್ಲ.

“ಸರ್, ಆ ನಾಯಿಗೆ ಡಬ್ಬಿಂಗ್ ಮಾಡಿದ್ದು ಯಾರು?”

ಅವನು ನೀರಿನ ಬಾಟಲಿ ಹುಡುಕಿದ. ನಾನು ವ್ಯಾನಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಆ ಹೆಂಗಸು ನನ್ನ ದೊಡ್ಡಮ್ಮ, ಆ ನಾಯಿ ಅಲ್ಲೇ ಅವರ ಮಡಿಲಲ್ಲಿ ಸತ್ತಿತು ಎಂದೂ ಹೇಳಿದೆ. ಅವನು ಮೈಕಿನಲ್ಲಿ “ಅದು... ಅದು...” ಎಂದು ತಡವರಿಸಿದ. ಒಬ್ಬರೂ ಅವನ ನೆರವಿಗೆ ಬರಲಿಲ್ಲ. ವೇದಿಕೆ ಇಳಿಯುವಾಗ ನನ್ನ ತೋಳು ಹಿಡಿದ.

“ಪರ್ಸನಲ್ ಆಗಿ ಹೇಳಬಹುದಿತ್ತಲ್ವಾ ಸರ್? ಇಷ್ಟು ಜನರ ಮುಂದೆ...”

“ಫೇಮಸ್ ಆಗಿದ್ದೀರಿ ಸರ್, ಖುಷಿ ಪಡಿ,” ಎಂದೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಬೆಳಗ್ಗೆ ಕಾಪುವಿಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ನಾನು ಉಪ್ಪು ಖಾರ ಹಚ್ಚಿ ಎಲ್ಲವನ್ನೂ ಹೇಳಿದೆ, ಅವನ ತಡವರಿಕೆಯನ್ನು ಅಭಿನಯಿಸಿಯೂ ತೋರಿಸಿದೆ. ಅವರು ನಗಲಿಲ್ಲ.

“ಅದರ ಸ್ವರ ಕೇಳ್ತದಾ ಅದರಲ್ಲಿ?” ಎಂದು ತುಳುವಿನಲ್ಲಿ ಕೇಳಿದರು.

ಇಷ್ಟು ವರ್ಷ ಊರೆಲ್ಲ ಅವರಿಗೆ ಕೇಳಿಸಿದ್ದು ಅವರದೇ ಕೂಗನ್ನು. ಅದರ ಕೊನೆಯವರೆಗೆ ಅವರು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ನಾಯಿಯ ಭಾಗವನ್ನಷ್ಟೇ ಹಾಕಿ ಮೊಬೈಲನ್ನು ಅವರ ಕಿವಿಗೆ ಹಿಡಿದೆ. ಅವರ ಕೈಯಲ್ಲಿದ್ದ ಹೂ ಹಾಗೆಯೇ ನಿಂತಿತು. ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಮತ್ತೊಮ್ಮೆ ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು.

“ಅವ ಎಷ್ಟು ಸಲ ಕೇಳಿದ?”

“ಎರಡು ಸಲ.”

“ಎರಡು ಸಲ ಎಂತದಕ್ಕೂ ಸಾಲುವುದಿಲ್ಲ ಮಗಾ. ಅವ ಇನ್ನು ಎಲ್ಲಿಗಾದರೂ ಬರ್ತಾನಾ?”

ಮುಂದಿನ ತಿಂಗಳು ಕಾರ್ಕಳದಲ್ಲಿ ಅವನ ಸಿನಿಮಾ ತೋರಿಸಿ ಸಂವಾದ ಇಟ್ಟಿದ್ದಾರೆ ಎಂದೆ.

“ನನ್ನನ್ನು ಕರೆದುಕೊಂಡು ಹೋಗು,” ಎಂದರು ದೊಡ್ಡಮ್ಮ. “ಎದುರಿನ ಸಾಲಿನಲ್ಲಿ ಕೂರಿಸು. ಅದು ಕೂಗುವಾಗ ನಾನು ಅವನ ಮುಖ ನೋಡ್ಬೇಕು.”