ಸಾಲಿನಿಂದ ಹೊರಬಂದ ಸವರಿಯಪ್ಪ

ಲೈನ್‌ಮನ್ ಸವರಿಯಪ್ಪನಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತಿದ್ದು ಅವ್ವ ತೀರಿಕೊಂಡ ಮೇಲೆ. ಹನೂರಿನಲ್ಲಿ ಮನೆ, ಲೊಕ್ಕನಹಳ್ಳಿ ಕಡೆ ಡ್ಯೂಟಿ. ಕಂಬದ ಮೇಲಿದ್ದಷ್ಟು ಹೊತ್ತು ಸರಿಯಾಗೇ ಇರುತ್ತಿದ್ದ. ಕೈ ತಪ್ಪಿದರೆ ಜೀವ ಹೋಗುವ ಕೆಲಸ, ಬೇರೆ ಯೋಚನೆಗೆ ಜಾಗವಿಲ್ಲ. ಕೆಳಗಿಳಿದರೆ ಎದೆಯೊಳಗೆ ಏನೋ ಗುದ್ದಾಡುತ್ತಿತ್ತು. ಭಾನುವಾರ ಚರ್ಚಿನ ಪೂಜೆಯಲ್ಲಿ ಪಾದ್ರಿಯ ಪ್ರಸಂಗ ಮುಗಿಯುವುದರೊಳಗೆ ಎದ್ದು ಹೊರಗೆ ಹೋಗುತ್ತಿದ್ದ. ಕೇಳಿದರೆ, ಬೈಕಿಗೆ ಬೀಗ ಹಾಕಿದ್ದೀನಾ ಅಂತ ನೋಡಿ ಬಂದೆ ಅನ್ನುತ್ತಿದ್ದ.

ಹೆಂಡತಿ ಫಿಲೋಮಿನಾ, ಎಲ್ಲರ ಬಾಯಲ್ಲಿ ಮೀನಾ, ಮೊದಮೊದಲು ನಕ್ಕಳು. ಆಮೇಲೆ ಹೆದರಿದಳು. ಹರಕೆ ಹೊತ್ತರು. ಕೊಳ್ಳೇಗಾಲದಲ್ಲಿ ಹೊಸದಾಗಿ ಶುರುವಾಗಿದ್ದ ಪ್ರಾರ್ಥನಾ ಮಂದಿರಕ್ಕೂ ಹೋದರು. ಅಲ್ಲಿ ಡ್ರಮ್ಮು, ಕೀಬೋರ್ಡು, ಕೈ ಎತ್ತಿ ಅಳುವ ಜನ. ಸವರಿಯಪ್ಪನೂ ಅತ್ತ. ವಾಪಸ್ ಬರುವ ಬಸ್ಸಿನಲ್ಲೇ ಅವನ ಕಾಲು ಮತ್ತೆ ಅಲುಗಾಡತೊಡಗಿತು.

"ಇನ್ನ ನಾ ಎಲ್ಗೂ ಬರಕಿಲ್ಲ ಕಣಮ್ಮಿ. ಮೇಲೆ ಯಾರೂ ಇಲ್ಲ," ಅಂದುಬಿಟ್ಟ.

ಆ ಮಳೆಗಾಲವೆಲ್ಲ ಚರ್ಚಿನ ಕಡೆ ತಲೆ ಹಾಕಲಿಲ್ಲ.

ಚರ್ಚಿನ ಹಿಂದಿನ ಕೋಣೆಯಲ್ಲಿ ಫಾದರ್ ಇನ್ನಾಸಪ್ಪ ಇದ್ದರು. ನಿವೃತ್ತರು, ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಬಹಳ ವರ್ಷ ಆದಿ ಕ್ರೈಸ್ತರ ಚರಿತ್ರೆ ಪಾಠ ಮಾಡಿದವರು, ಈಗ ಕಣ್ಣು ಮಂಜು. ಅವರ ಫ್ಯಾನ್ ಕೆಟ್ಟಿದೆ, ನೋಡಿ ಬನ್ನಿ ಅಂತ ಮೀನಾ ಗಂಡನನ್ನು ಕಳಿಸಿದಳು. ಸವರಿಯಪ್ಪ ಸ್ಟೂಲು ಹತ್ತಿ ಬಿಚ್ಚುತ್ತಿದ್ದಾಗ ಫಾದರ್, "ಪೂಜೆಗೆ ಬರ್ತಿಲ್ಲವಂತೆ?" ಅಂದರು.

"ನಂಬ್ಕೆ ಓಯ್ತು ಸ್ವಾಮಿ."

ಅವರು ಬೈಯಲಿಲ್ಲ. ಏನೋ ನೆನಪಾದವರಂತೆ ಹೇಳತೊಡಗಿದರು. "ಮೊದಲಿನ ಕ್ರೈಸ್ತರಿಗೆ ಇಂಥ ಚರ್ಚೇ ಇರಲಿಲ್ಲ ಕಣಪ್ಪ. ಯಾರದೋ ಮನೆಯಲ್ಲಿ ಸೇರೋರು. ಯಜಮಾನನೂ ಆಳೂ ಒಂದೇ ರೊಟ್ಟಿ ಮುರಿದು ತಿನ್ನೋರು. ಬರಲಾರದವರ ಪಾಲು ಅವರ ಮನೆಗೇ ಹೋಗ್ತಿತ್ತು. ಇನ್ನೊಂದು ಕಟ್ಟುಪಾಡು ಇತ್ತು. ಯಾರ ಜೊತೆಗಾದರೂ ಜಗಳ ಇಟ್ಟುಕೊಂಡವನು ರಾಜಿಯಾಗೋ ತನಕ ಆ ರೊಟ್ಟಿಗೆ ಕೈ ಚಾಚೋ ಹಾಗಿರಲಿಲ್ಲ."

"ಅಂಗೆ ನೋಡುದ್ರೆ ಅರ್ಧ ಚರ್ಚೇ ಎದ್ದೋಗ್ಬೇಕಲ್ಲ ಸ್ವಾಮಿ!"

"ಅರ್ಧ ಚರ್ಚಿನ ಮಾತು ಬಿಡು. ನಿಂದು ಹೇಳು."

ಸವರಿಯಪ್ಪ ಫ್ಯಾನ್ ಸರಿಮಾಡಿಕೊಟ್ಟು, ಕಾಫಿಗೂ ನಿಲ್ಲದೆ ಹೊರಟುಹೋದ.

ಅವನಿಗೆ ಒಬ್ಬಳೇ ಅಕ್ಕ, ಜಪಮಾಲೆ. ಬಂಡಳ್ಳಿಯ ಮಾದೇಶನನ್ನು ಮೆಚ್ಚಿ, ಹಿಂದೂ ಮನೆಗೆ ಮದುವೆಯಾಗಿ ಹೋದಳು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು. ಅವ್ವ ಸತ್ತ ದಿನ ಸುದ್ದಿ ಕೇಳಿ ಓಡಿಬಂದಿದ್ದಳು. ಸವರಿಯಪ್ಪನೇ ಅಡ್ಡ ನಿಂತು, "ಮೆಟ್ಲು ಅತ್ತಬ್ಯಾಡ" ಅಂದಿದ್ದ. ಬೀದಿಯಲ್ಲೇ ನಿಂತಿದ್ದು, ಹೆತ್ತವ್ವನ ಮುಖ ನೋಡದೆ ಅವಳು ಹೋದಳು. ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆಯಲ್ಲಿ ಅವನು ಕುಡಿದದ್ದು ಹೇಳಿದ್ದ, ಸುಳ್ಳು ಆಡಿದ್ದು ಹೇಳಿದ್ದ. ಇದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ. ಇದು ಪಾಪ ಅಂತಲೇ ಅನಿಸಿರಲಿಲ್ಲ, ಮನೆತನದ ಮರ್ಯಾದೆ ಅಂದುಕೊಂಡಿದ್ದ.

ಮುಂದಿನ ಭಾನುವಾರ ಯಾರೂ ಕರೆಯದೆ ಪೂಜೆಗೆ ಹೋದ. ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವವರ ಸಾಲಿನಲ್ಲಿ ನಿಂತ. ಮುಂದೆ ಒಬ್ಬಳೇ ಮುದುಕಿ ಉಳಿದಿದ್ದಾಗ ಹೊರಳಿ ಸಾಲು ಬಿಟ್ಟು, ಬೈಕು ಹತ್ತಿ ಬಂಡಳ್ಳಿಗೆ ಹೊರಟ.

ಜಪಮಾಲೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ತಮ್ಮನನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ.

"ಯಾರ್ ಬೇಕಿತ್ತು?"

"ಅಕ್ಕಾ, ತಪ್ಪಾಯ್ತು ಕಣಕ್ಕ."

"ತಪ್ಪಾಯ್ತಾ? ಅವ್ವುನ ಮಕ ತೋರ್ಸೀಯಾ ಈಗ?"

ಮಾದೇಶ ಒಳಗಿನಿಂದ ಬಂದು, "ಬಿಸ್ಲಲ್ಲಿ ನಿಂತವ್ನೆ, ಒಳಿಕ್ಕೆ ಕರಿ," ಅಂದ.

"ನಿಂತ್ಕಳ್ಳಿ. ನಾನೂ ನಿಂತಿದ್ದೆ."

ಅವಳು ಹುರುಳಿ ಎತ್ತಿಟ್ಟು ಒಳಗೆ ಹೋಗುವ ತನಕ ನಿಂತಿದ್ದು ಸವರಿಯಪ್ಪ ವಾಪಸಾದ. ಮುಂದಿನ ವಾರ ಮತ್ತೆ ಹೋದ. ಅದರ ಮುಂದಿನ ವಾರವೂ ಹೋದ. ಅವಳು ತನ್ನ ಕೆಲಸ ಮುಗಿಸಿ ಒಳಗೆ ಹೋಗುತ್ತಿದ್ದಳು.

ಸಂಜೆಗಳಲ್ಲಿ ಫಾದರ್ ಕೋಣೆಗೆ ಹೋಗಿ, "ಆಮೇಲೆ ಅವ್ರು ಏನ್ಮಾಡೋರು ಸ್ವಾಮಿ?" ಅಂತ ಪೀಡಿಸುತ್ತಿದ್ದ. ಉಪವಾಸ ಇದ್ದು ಆ ದಿನದ ಊಟವನ್ನು ಹಸಿದವರಿಗೆ ಕೊಡುತ್ತಿದ್ದುದು, ಪಿಡುಗು ಬಂದಾಗ ಸ್ವಂತದವರೇ ಬಿಟ್ಟೋಡಿದವರ ಆರೈಕೆಗೆ ಕೂತದ್ದು, ಎಲ್ಲ ಅವರು ಹೇಳಿದರು. ಕೇಳಿ ಸವರಿಯಪ್ಪನಿಗೆ ಸಿಟ್ಟೇ ಬಂತು.

"ತಾತುನ್ ಕಾಲ್ದಿಂದ ಕಿರಿಸ್ತಾನ್ರು ನಾವು. ನಮ್ಗೆ ಗೊತ್ತಿರಾದು ಪಟಾಕಿ, ಬ್ಯಾಂಡ್‌ಸೆಟ್ಟು. ಇದ್ನ ಯಾಕೆ ಯಾರೂ ಯೋಳ್ನಿಲ್ಲ?"

"ನಾನೂ ಹೇಳಲಿಲ್ಲ," ಅಂದರು ಫಾದರ್. "ಪಾಠ ಮಾಡಿದೆ ಅಷ್ಟೆ."

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಭಾನುವಾರ ಜಪಮಾಲೆ ಹೊಸಿಲು ದಾಟಿ ಅಂಗಳಕ್ಕೆ ಬಂದು, "ಅವ್ವುನ್ನ ಎಲ್ಲಿ ಮಣ್ ಮಾಡಿದ್ದೀರಿ?" ಅಂದಳು. ಅವನು ಬೈಕಿನಲ್ಲಿ ಸಮಾಧಿಯ ಹತ್ತಿರ ಕರೆದುಕೊಂಡು ಹೋದ. ಅವಳು ಸೆರಗಿನಿಂದ ಶಿಲುಬೆಯ ಮಣ್ಣು ಒರೆಸಿ, ಅದರ ಮೇಲೆ ಬಿದ್ದು ಗೋಳಾಡಿದಳು. ಅವನು ಹತ್ತಿರ ಹೋಗುವುದೋ ಬೇಡವೋ ತಿಳಿಯದೆ ದೂರ ನಿಂತಿದ್ದ. ಕ್ಷಮಿಸಿದೆ ಅನ್ನುವ ಮಾತು ಅವಳ ಬಾಯಿಂದ ಬರಲಿಲ್ಲ.

"ಸುಮ್ನೆ ಬಂದು ಅಂಗಳ್ದಲ್ಲಿ ನಿಂತ್ಕಬ್ಯಾಡ ಕಣ್ಲಾ. ಬಂದ್ರೆ ಉಣ್ಕಂಡು ಓಗು," ಅಂದಳು.

ಮರುವಾರ ಸವರಿಯಪ್ಪ ಪರಮಪ್ರಸಾದ ತೆಗೆದುಕೊಂಡ. ಚಿಕ್ಕಂದಿನಿಂದ ತಿಂದದ್ದೇ, ಆದರೂ ನುಂಗಲು ಹೊತ್ತು ಹಿಡಿಯಿತು.

ಚಡಪಡಿಕೆ ಪೂರ್ತಿ ಹೋಗಿಲ್ಲ. ಆಮೇಲೊಂದು ದಿನ ಜಪಮಾಲೆಯನ್ನು ತವರುಮನೆಗೆ ಕರೆತಂದದ್ದಕ್ಕೆ ಚಿಕ್ಕಪ್ಪ ಮುತ್ತಯ್ಯ ಮಾತು ಬಿಟ್ಟಿದ್ದಾನೆ. ಸವರಿಯಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಪೂಜೆಗೆ ಮುಂಚೆ ಅವನ ಮನೆ ಕಡೆ ನಡೆಯುತ್ತಾನೆ. ಮುತ್ತಯ್ಯ ಇನ್ನೂ ಬಾಗಿಲು ತೆರೆದಿಲ್ಲ.