ಗೃಹಪ್ರವೇಶಕ್ಕೆ ಬಂದ ಕೆಂಪು ಹಸು

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಮೆರಿಕದ ಲಿಯಾಂಡರ್‌ನಲ್ಲಿ ನಾವು ಮನೆ ಕೊಂಡಾಗ ನಮ್ಮ ಬೀದಿಯಲ್ಲಿ ಎದ್ದಿದ್ದದ್ದು ಐದಾರು ಮನೆ ಅಷ್ಟೆ. ಉಳಿದದ್ದೆಲ್ಲ ಸುಣ್ಣಕಲ್ಲಿನ ಬಿಳಿ ಧೂಳು. ಹಿಂದೆ ಅದಷ್ಟೂ ದನ ಮೇಯುವ ರ‍್ಯಾಂಚ್. ಅದರ ಯಜಮಾನರು ಒಬ್ಬ ಒಂಟಿ ಮುದುಕರು. ಜಾಗವನ್ನು ತುಂಡು ತುಂಡಾಗಿ ಬಿಲ್ಡರ್‌ಗೆ ಮಾರುತ್ತ ಬಂದು, ಕೊನೆಗೆ ನಮ್ಮ ಹಿತ್ತಲ ಬೇಲಿಯಾಚೆ ಒಂದು ಹುಲ್ಲುಗಾವಲು, ಏಳೆಂಟು ದನ ಉಳಿಸಿಕೊಂಡಿದ್ದರು.

ಗೃಹಪ್ರವೇಶದ ದಿನ ಮೊದಲು ಹಸುವೇ ಒಳಗೆ ಬರಬೇಕೆಂದು ನಾನು ಹಟ ಹಿಡಿದೆ. ಬೆಳ್ಳಿಯ ಪುಟ್ಟ ಹಸುವನ್ನು ಹೊಸ್ತಿಲ ಮೇಲಿಟ್ಟು ಮುಗಿಸೋಣ ಎಂದರು ನನ್ನ ಗಂಡ.

"ಬೇಲಿ ಪಕ್ಕದಲ್ಲೇ ಜೀವಂತ ಹಸು ಇರೋವಾಗ ಬೆಳ್ಳೀದು ಯಾಕ್ರೀ? ನಿಮಗೆ ನಾಚಿಕೆ ಆದ್ರೆ ನಾನೇ ಕೇಳ್ತೀನಿ," ಎಂದು ಹೊರಟೆ.

ಮುದುಕರು ನಗಲಿಲ್ಲ. ಒಂದು ಕೆಂಪು ಹಸುವಿನ ಮೈ ತೊಳೆದು, ತಾವೇ ಹಗ್ಗ ಹಿಡಿದು ತಂದರು. ಅದು ಹೊಸ ಕಾರ್ಪೆಟ್ ಮೇಲೆ ಸಗಣಿ ಹಾಕಿತು. ನಮ್ಮವರ ಮುಖ ನೋಡಬೇಕಿತ್ತು! ನಾನು ಮಾತ್ರ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದೆ. ಆಮೇಲೆ ದಿನಾ ಬೇಲಿಯ ಬಳಿ ಅದಕ್ಕೊಂದು ಬಾಳೆಹಣ್ಣು ಕೊಡುವುದು ರೂಢಿಯಾಯಿತು. ಹಗಲೆಲ್ಲ ನರಪಿಳ್ಳೆಯೂ ಕಾಣದ ಆ ಬೀದಿಯಲ್ಲಿ ನನ್ನ ಕನ್ನಡ ಕೇಳಿಸಿಕೊಂಡದ್ದು ಅದೊಂದೇ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಹುಲ್ಲುಗಾವಲೂ ಬಿಲ್ಡರ್ ಪಾಲಾಯಿತು. ದನಗಳನ್ನು ಹರಾಜಿಗೆ ಹಾಕಿ, ಬೇರೆ ಊರಿನಲ್ಲಿದ್ದ ಮಗಳ ಬಳಿಗೆ ಹೋಗುವುದಾಗಿ ಮುದುಕರು ಹೇಳಿದರು. ಹರಾಜಿನಿಂದ ದನಗಳು ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತಿಲ್ಲವೇ? ನಾವೇ ಸಾಕೋಣವೆಂದರೆ ಬಡಾವಣೆಯ ಸಂಘದವರು ಹಿತ್ತಲಲ್ಲಿ ಒಂದು ಕೋಳಿಗೂ ಜಾಗ ಕೊಡುವವರಲ್ಲ.

"ಆ ಕೆಂಪು ಹಸು ನಮ್ಮನೆ ಒಳಗೆ ಕಾಲಿಟ್ಟಿದೆ. ಅದನ್ನ ಮಾತ್ರ ಯಾರಿಗೂ ಮಾರಬೇಡಿ," ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬೇಡಿಕೊಂಡೆ.

"ಮಾರಲ್ಲ ಮ್ಯಾಮ್. ಮಾತು ಕೊಟ್ಟೆ," ಎಂದರು.

ಅಬ್ಬಾ, ಹೋದ ಜೀವ ಬಂತು. ತಮ್ಮ ಮಗಳ ಊರಿಗೆ ಅದನ್ನೂ ಕರೆದುಕೊಂಡು ಹೋಗುತ್ತಾರೆಂದು ನನ್ನಷ್ಟಕ್ಕೆ ನಾನೇ ಅಂದುಕೊಂಡೆ.

ಬುಲ್ಡೋಜರ್ ಬರುವ ಮುಂಚಿನ ವಾರ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಐಸ್ ಪೆಟ್ಟಿಗೆ. ಒಳಗೆ ಬಿಳಿ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಮಾಂಸದ ಪೊಟ್ಟಣಗಳು.

"ಮಾರಲಿಲ್ಲ ಮ್ಯಾಮ್. ಇಷ್ಟದ ಹಸುವನ್ನ ನಾವೂ ಹೊರಗಿನವರಿಗೆ ಕೊಡೋದಿಲ್ಲ. ಮನೆಯವರು, ನೆರೆಯವರು ಹಂಚಿಕೊಳ್ತೀವಿ. ಮೊದಲ ಪಾಲು ನಿಮ್ಮದು."

ಅವರ ಕಣ್ಣು ತುಂಬಿತ್ತು. ನಾನು ಯಾರ ಮೇಲೆ ಸಿಟ್ಟಾಗಲಿ? ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡೆ. ಅವರು ಹೋದ ಮೇಲೆ ಹಿತ್ತಲಲ್ಲಿ ಗುಂಡಿ ತೋಡಿದೆವು. ಬಿಲ್ಡರ್ ಹಾಸಿದ್ದ ಹುಲ್ಲಿನಡಿ ಬರೀ ಕಲ್ಲು. ನನ್ನ ಗಂಡನ ಅಂಗೈಯಲ್ಲಿ ಬೊಕ್ಕೆ ಎದ್ದವು. ಮಣ್ಣು ಮುಚ್ಚಿ, ಅಲ್ಲೇ ಕೂತು ಅತ್ತೆ.

ಊರು ಬಿಡುವ ದಿನ ಮುದುಕರು ಖಾಲಿ ಪೆಟ್ಟಿಗೆ ಒಯ್ಯಲು ಬಂದರು. "ರುಚಿಯಾಗಿತ್ತಾ?" ಎಂದು ಕೇಳಿದರು.

ಮಾತಿನಲ್ಲಿ ಯಾರಿಗೂ ಸೋಲದವಳು ನಾನು. "ತುಂಬಾ ಚೆನ್ನಾಗಿತ್ತು," ಎಂದೆ.