ಫೋನ್ ದೂರ ಇಡ್ರಿ ಅಂತಿದ್ದ ಕಾಕಾ

ಅವರ ಕುತ್ತಿಗೆ ಬಲಕ್ಕೆ ವಾಲಿತ್ತು. ನಿಂತಾಗ, ಕುಳಿತಾಗ, ಉಣ್ಣುವಾಗ, ಗುಡಿಯಲ್ಲಿ ಕೈಮುಗಿಯುವಾಗಲೂ ಬಲಗಿವಿ ಹೆಗಲಿನ ಕಡೆಗೇ ಬಾಗಿರುತ್ತಿತ್ತು. ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬದ ತುದಿಯಲ್ಲಿ ಎರಡೂ ಕೈಗೆ ಕೆಲಸವಿರುವಾಗ, ತಂತಿ ಪರೀಕ್ಷಿಸುವ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು "ಹಲೋ, ಹಲೋ" ಎಂದು ಒದರಿ ಒದರಿ ಆ ಕುತ್ತಿಗೆ ಹಾಗೇ ನಿಂತುಬಿಟ್ಟಿತ್ತು. ಆ ಕಿವಿಯ ಮೇಲಂಚು ಲಟ್ಟಣಿಗೆ ಹೊಡೆದಂತೆ ಚಪ್ಪಟೆಯಾಗಿತ್ತು. ಇಂಥ ಮನುಷ್ಯ ಮೊಬೈಲನ್ನು ಮಾತ್ರ ಒಂದು ದಿನವೂ ಕಿವಿಗೆ ಹಚ್ಚಲಿಲ್ಲ.

ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಡಂಬಳದಿಂದ ಸೊಸೆಯಾಗಿ ಬರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಓಣಿಗೆಲ್ಲ ಅವರು ಲೈನ್‌ಮನ್ ಕಾಕಾ, ಅವರ ಹೆಂಡತಿ ಕಾಕು. ಅವರ ಫೋನು ಪಡಸಾಲೆಯ ಮೊಳೆಗೆ ತೂಗುಹಾಕಿದ ಬಟ್ಟೆ ಚೀಲದಲ್ಲಿರುತ್ತಿತ್ತು. ರಿಂಗಾದರೆ ಅವಸರವಿಲ್ಲದೆ ಎದ್ದು, ಚೀಲದಿಂದ ತೆಗೆದು, ಹೊರಗಿನ ಕಟ್ಟೆಯ ಮೇಲಿಟ್ಟು, ಸ್ಪೀಕರಿನ ಗುಂಡಿ ಒತ್ತಿ, ತಾವು ಒಂದು ಗೇಣು ದೂರ ಕುಳಿತು ಮಾತು ಶುರು ಮಾಡುತ್ತಿದ್ದರು. ಹೀಗಾಗಿ ಅವರ ಮನೆಯ ಯಾವ ಮಾತೂ ಅವರ ಮನೆಯದಾಗಿ ಉಳಿಯಲಿಲ್ಲ. ಅಳಿಯನ ಮೂಲವ್ಯಾಧಿ, ಮುಳಗುಂದದ ತಂಗಿಯ ಮಗಳನ್ನು ನೋಡಿಹೋದವರು ಏನೆಂದರು, ಎಲ್ಲವೂ ಓಣಿಗೆ ಗೊತ್ತು. ಕಾಕು ಒಳಗಿನಿಂದ "ಸಣ್ಣ ದನೀಲೆ ಮಾತಾಡ್ರಿ, ಮರ್ಯಾದಿ ಹೋಗತೈತಿ" ಎನ್ನುವರು. ಇವರು "ಮರ್ಯಾದಿ ಹೋದ್ರ ಬರತೈತಿ, ತಲಿ ಹೋದ್ರ ಬರೂದಿಲ್ಲ" ಎನ್ನುವರು.

ಇದಕ್ಕೆಲ್ಲ ಮೂಲ ಫೋನಿನ ಡಬ್ಬಿಯೊಳಗೆ ಮಡಚಿಟ್ಟಿರುವ ಒಂದು ಚೀಟಿ. ನಾವು ನೀವು ಅದನ್ನು ಬಿಚ್ಚಿಯೂ ನೋಡದೆ ಎಸೆಯುತ್ತೇವೆ. ಅವರು ಭೂತಗನ್ನಡಿ ಹಿಡಿದು ಕುಳಿತು, ಇಂಗ್ಲಿಷು ತಿಳಿಯದೆ, ಬಿ.ಎ. ಓದಿದ ಸೊಸೆಯೆಂದು ನನ್ನನ್ನು ಗೋಡೆಯಾಚೆಯಿಂದ ಕೂಗಿದರು. ನಾನು ಓದಿ ಹೇಳಿದೆ: ಫೋನನ್ನು ಮೈಗೆ ಅಂಟಿಸಿ ಇಟ್ಟುಕೊಳ್ಳಬೇಡಿ, ಸ್ವಲ್ಪ ಅಂತರವಿರಲಿ, ಮಾತು ಚಿಕ್ಕದಾಗಿರಲಿ, ಸಿಗ್ನಲ್ ಚೆನ್ನಾಗಿರುವಲ್ಲಿ ಮಾತಾಡಿ, ಸಾಧ್ಯವಾದರೆ ಕಿವಿಗೆ ವೈರು ಹಾಕಿಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ನನ್ನಿಂದಲೇ ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಚೀಟಿಯಲ್ಲಿದ್ದದ್ದು ಒಂದು ಬೆರಳಿನಷ್ಟು ಅಂತರ. ಅವರು ಗೇಣು ಎಂದು ಬರೆಸಿದರು. ಯಾಕೆ ಎಂದರೆ, "ಸರಕಾರಿ ನೌಕರಿ ಮಾಡೇನಿ ತಂಗಿ. ಕಾಗದದಾಗ ಬೆರಳು ಅಂತಿದ್ರ ಗೇಣು ಅಂತ ತಿಳಕೋಬೇಕು" ಎಂದರು.

ಅಂದಿನಿಂದ ಓಣಿಗೆ ನೆಮ್ಮದಿ ಇಲ್ಲ. ಎದೆಯ ಜೇಬಿನಲ್ಲಿ ಫೋನಿಟ್ಟುಕೊಂಡು ಹೋಗುವವರನ್ನು ನಿಲ್ಲಿಸಿ ತೆಗೆಸುವರು. ಒಂದೇ ಕಡ್ಡಿ ಸಿಗ್ನಲ್ ಇರುವಾಗ ಮಾತಾಡುವವರಿಗೆ, "ಟವರ್ ದೂರ ಇದ್ದಷ್ಟು ಫೋನ್ ಜೋರ್ ಒದರತೈತೋ. ನಿನಗ ಕೇಳಸೂದಿಲ್ಲ, ನಿನ್ನ ತಲಿಗೆ ಕೇಳಸತೈತಿ" ಎನ್ನುವರು. ಹೆಣ್ಣುಮಕ್ಕಳು ಕುಬಸದೊಳಗೆ ಫೋನು ಸಿಕ್ಕಿಸಿಕೊಳ್ಳುವುದು ಅವರಿಗೆ ದೊಡ್ಡ ಸಂಕಟ. ತಾವೇ ಹೇಳಲು ನಾಚಿಕೆ. ಕಾಕುವಿಗೆ ಹೇಳಿ ಕಳಿಸುವರು. ಕಾಕು ನಮ್ಮ ಬಾಗಿಲಲ್ಲಿ ನಿಂತು, "ಎದಿಯೊಳಗಿಂದ ತಗೀಬೇಕಂತ, ನಮ್ಮವರು ಹೇಳಿ ಕಳಿಸ್ಯಾರ" ಎಂದು ನಕ್ಕು ಹೋಗುವರು.

ನಾನಾದರೂ ಅವರ ಮಾತು ಕಿವಿಗೆ ಹಾಕಿಕೊಂಡೆನೇ? ಇಲ್ಲ. ಹೇಳಿ ಬರೆಸಿದ್ದನ್ನು ಬರೆದುಕೊಟ್ಟೆ, ಅಷ್ಟೇ.

ಮದುವೆಯಾದ ಮೂರನೆಯ ವರ್ಷ ನಾನು ಬಸುರಾದೆ. ಸ್ವಲ್ಪ ರಕ್ತ ಕಂಡಿತೆಂದು ಡಾಕ್ಟರು ಮಲಗಿಯೇ ಇರಲು ಹೇಳಿದರು. ಅದೇ ದಿನಗಳಲ್ಲಿ ಡಂಬಳದಲ್ಲಿ ನನ್ನ ಅವ್ವನಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದಿತ್ತು. ನಾನು ಹೋಗುವಂತಿಲ್ಲ, ಅವಳು ಬರುವಂತಿಲ್ಲ. ಅಣ್ಣ ಅವಳ ಕಿವಿಗೆ ಫೋನು ಹಿಡಿಯುತ್ತಿದ್ದ. ಅವಳ ತೊದಲು ಮಾತಿಗೆ ನಾನು ಹೂಂಗುಡುತ್ತ ತಾಸುಗಟ್ಟಲೆ ಮಲಗಿರುತ್ತಿದ್ದೆ. ಮಾತು ಮುಗಿದ ಮೇಲೆ ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹಾಗೆಯೇ ಮಂಪರು. ನನ್ನ ಅತ್ತೆ ಗಂಜಿ ಕೊಡಲು ಬಂದಾಗಲೆಲ್ಲ ಅದನ್ನು ನೋಡಿದ್ದರು.

ಮೂರು ತಿಂಗಳು ತುಂಬುವಷ್ಟರಲ್ಲಿ ಹೋಯಿತು.

ಮೂರನೆಯ ದಿನ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾಕಾನನ್ನು ಕೇಳುತ್ತಿದ್ದುದು ಕಿಟಕಿಯೊಳಗಿಂದ ನನಗೆ ಕೇಳಿಸಿತು. "ಹೊಟ್ಟಿ ಮ್ಯಾಲ ಫೋನ್ ಇಟ್ಕೊಂಡ ಮಲಗತಿದ್ಲ್ರಿ. ಅದರಿಂದನ ಹೋಗಿರಬೇಕಲ್ಲ?" ಕಾಕಾ, "ಇರಬಹುದು ಬಿಡವಾ. ಇಲ್ಲ ಅನ್ನಾಕ ಬರೂದಿಲ್ಲ" ಎಂದರು.

ಅಷ್ಟು ಸಾಕಾಯಿತು. ಓಣಿಯಲ್ಲಿ ಫೋನಿನ ವಿಷಯಕ್ಕೆ ಅವರ ಮಾತೇ ಕೊನೆಯ ಮಾತು. ಸಂಜೆಯೊಳಗೆ ಆ 'ಇರಬಹುದು' ಎಂಬುದರ ಬಾಲ ಉದುರಿಹೋಗಿ, ಲೈನ್‌ಮನ್ ಕಾಕಾನೇ ಹೇಳಿದ್ದಾರೆ ಎಂದಾಯಿತು. ನೋಡಲು ಬಂದವರೆಲ್ಲ ಬಾಳೆಹಣ್ಣಿನ ಜೊತೆ ಆ ಮಾತನ್ನೂ ನನ್ನ ಹಾಸಿಗೆಯ ಪಕ್ಕ ಇಟ್ಟುಹೋದರು. ಅತ್ತೆ ನನ್ನ ಫೋನನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ನಮ್ಮ ಮನೆಯವರು ಒಳ್ಳೆಯವರು. ಆದರೆ ತಾಯಿಯ ಮುಂದೆ ಅವರ ಬಾಯಿಗೂ ಕೀಲಿಯೇ. ಡಂಬಳದಲ್ಲಿ ಅವ್ವ ದಿನಾ ನನ್ನ ಕರೆಗಾಗಿ ಕಾಯುತ್ತಿದ್ದಾಳೆಂದು ಗೊತ್ತಿದ್ದೂ ನಾನು ಕೇಳಲಿಲ್ಲ. ಯಾವ ಬಾಯಿಂದ ಕೇಳಲಿ? ಎಲ್ಲರಿಗಿಂತ ಮೊದಲು ಆ ಮಾತನ್ನು ನಂಬಿದವಳು ನಾನು. ಚೀಟಿಯನ್ನು ಕನ್ನಡಕ್ಕೆ ತಂದವಳೂ ನಾನೇ ಅಲ್ಲವೇ? ಮಲಗಿದಲ್ಲೇ ಹೊಟ್ಟೆಯ ಮೇಲೆ ಕೈಯಾಡಿಸಿ, ಫೋನು ಇಟ್ಟ ಜಾಗ ಯಾವುದೆಂದು ನೆನಪಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷದ ಮೇಲೆ ಇದನ್ನು ಬರೆಯಲೂ ನನಗೆ ದಣಿವಾಗುತ್ತದೆ.

ವಾರ ಕಳೆದ ಮೇಲೆ ಒಂದು ಸಂಜೆ ಕಾಕಾ ನಮ್ಮ ಮನೆಗೆ ಬಂದರು. ಯಾವಾಗಲೂ ಕಟ್ಟೆಯಿಂದಲೇ ಮಾತಾಡಿ ಹೋಗುವವರು ಅಂದು ಪಡಸಾಲೆಯ ನಡುವೆ ಬಂದು ನಿಂತರು. ಶಿರಹಟ್ಟಿಯಿಂದ ಅತ್ತೆಯ ತಂಗಿ ಬಂದಿದ್ದರು, ಓಣಿಯ ಇನ್ನಿಬ್ಬರು ಹೆಂಗಸರಿದ್ದರು. ಅತ್ತೆ "ಕುಂಡ್ರಿ, ಚಾ ಮಾಡತೇನಿ" ಎಂದರು.

"ಚಾ ಆಮ್ಯಾಲ," ಎಂದರು ಕಾಕಾ. "ಮೊದಲ ಒಂದ್ ಮಾತು. ಕೂಸು ಫೋನಿಂದ ಹೋಗಿಲ್ಲ."

ಅತ್ತೆ ತಿರುಗಿ ನೋಡಿದರು. "ಮೊನ್ನೆ ನೀವ ಇರಬಹುದು ಅಂದ್ರಲ್ಲ?"

"ಅಂದೆ. ಗೊತ್ತಿಲ್ಲದ ಅಂದೆ. ತಪ್ಪಾತು."

"ಮತ್ತ ಇಷ್ಟ್ ದಿನ ದೂರ ಇಡ್ರಿ, ದೂರ ಇಡ್ರಿ ಅಂತ ಓಣಿಗೆಲ್ಲ ಸಾರಿದ್ದು?"

"ಅದು ಖರೆ. ಈಗೂ ಹೇಳತೇನಿ, ದೂರ ಇಡ್ರಿ. ದೂರ ಇಡೂದು ಬ್ಯಾರೆ ಯವ್ವಾ, ಅದರಿಂದ ಕೂಸು ಹೋತು ಅನ್ನೂದು ಬ್ಯಾರೆ. ಕೈ ತೊಳಕೊಂಡು ಉಣ್ಣು ಅಂತೀವಿ. ತೊಳಕೊಳ್ಳದ ಉಂಡಾಕಿಗೆ ನೀನ ಮನಿ ಸುಟ್ಟಿ ಅಂತೀವೇನು? ಮೂರು ತಿಂಗಳದೊಳಗ ಹೋಗೂವು ಬಹಳ ಸಲ ಬೀಜದಾಗ ಕೂಡಿ ಬರದ ಹೋಗತಾವು. ತಾಯಿ ಏನ್ ಮಾಡಿದ್ಲು ಅನ್ನೂದಕ್ಕ ಅಲ್ಲ. ಕಾಗಿ ಕುಂಡ್ರೂದಕ್ಕ ಟೊಂಗಿ ಮುರಿಯೂದಕ್ಕ ಸರಿ ಹೋಗೇತಿ, ಅಷ್ಟ."

ಶಿರಹಟ್ಟಿಯ ಚಿಕ್ಕತ್ತೆ, "ಕಂಬ ಹತ್ತಾವ್ರು ಡಾಕ್ಟರ್ ಯಾವಾಗ ಆದ್ರಿ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಉಳಿದವರೂ ನಕ್ಕರು. ಕಾಕಾ ಒಳಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, "ತಂಗಿ, ನಿನ್ನ ತಪ್ಪಿಲ್ಲ. ಕೇಳಿಸ್ತೋ ಇಲ್ಲೋ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಸಾಲಲಿಲ್ಲ. "ಬಾಯಿಲೆ ಹೇಳು." "ಕೇಳಿಸ್ತ್ರಿ ಕಾಕಾ," ಅಂದೆ. ಚಹಾ ಕುಡಿಯದೆಯೇ ಹೋದರು.

ಮರುದಿನ ಮುಂಜಾನೆ ಏಳುವಷ್ಟರಲ್ಲಿ ನನ್ನ ಫೋನು ಗೋಡೆಯ ಮಾಡದಲ್ಲಿತ್ತು. ಅತ್ತೆಯೇ ಟ್ರಂಕಿನಿಂದ ತೆಗೆದಿಟ್ಟಿದ್ದರು. ಅವ್ವ ಇನ್ನು ಐದು ತಿಂಗಳು ಇದ್ದಳು. ಆ ಐದು ತಿಂಗಳು ದಿನಾ ಅವಳ ಜೊತೆ ಮಾತಾಡಿದೆ. ಕೊನೆಕೊನೆಗೆ ಅವಳಿಂದ ಬರೀ ಉಸಿರಿನ ಸದ್ದು ಬರುತ್ತಿತ್ತು. ನಾನು ಇಲ್ಲಿಂದ ಅಡುಗೆ ಏನು, ಮಳೆ ಎಷ್ಟು ಎಂದು ಹೇಳುತ್ತಿದ್ದೆ. ಮುಂದೆ ನನಗೆ ಮಗಳು ಹುಟ್ಟಿದಳು. ಆಗ ಎಲ್ಲರೂ ಹಳೆಯದನ್ನು ಮರೆತರು. ಮಗಳು ಹುಟ್ಟಿದ್ದರಿಂದ ನಾನು ಹಗುರಾದೆ ಎಂದು ಅವರೆಲ್ಲ ತಿಳಿದಿದ್ದಾರೆ. ನಾನು ಹಗುರಾದದ್ದು ಆ ಸಂಜೆಯೇ.

ಆದರೆ ಕಾಕಾನ ಮಾತಿಗೆ ಓಣಿಯಲ್ಲಿದ್ದ ತೂಕ ಅಂದೇ ಹೋಯಿತು. "ಅವರ ಹೇಳತಾರ, ಅವರ ತಿರಗತಾರ" ಎಂದರು ಜನ. ಹುಡುಗರು ಅವರ ಎದುರಿಗೇ ಫೋನನ್ನು ಕಿವಿಗೆ ಒತ್ತಿ ಹಿಡಿದು, "ಕಾಕಾ, ಇವತ್ತು ದೂರ ಇಡಬೇಕೋ, ಹತ್ರ ಇಡಬೇಕೋ?" ಎಂದು ಚಾಷ್ಟಿ ಮಾಡುವರು. ಮೊದಮೊದಲು ನಕ್ಕರು. ಆಮೇಲೆ ಹೇಳುವುದನ್ನೇ ಬಿಟ್ಟರು. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆಯನ್ನು ಸುಣ್ಣ ಹಚ್ಚುವಾಗ ತೆಗೆದವರು ಮತ್ತೆ ಅಂಟಿಸಲಿಲ್ಲ. ತಮ್ಮ ಫೋನನ್ನು ಮಾತ್ರ ಗೇಣು ದೂರವೇ ಇಟ್ಟರು.

ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. "ತಂತಿ ಎಲ್ಲಿ ಹೋಗತೈತಿ ಅಂತ ನನಗ ಗೊತ್ತಿರತಿತ್ತು ತಂಗಿ," ಎಂದರು. "ಮಾತು ಎಲ್ಲಿ ಹೋಗಿ ಯಾರಿಗೆ ಬಡೀತೈತಿ ಅಂತ ಗೊತ್ತಾಗೂದಿಲ್ಲ. ಸಾಕಾತು." ಒಳ್ಳೆಯದನ್ನೇ ಹೇಳುತ್ತಿದ್ದ ಮನುಷ್ಯ ನನ್ನಿಂದಾಗಿ ಬಾಯಿ ಮುಚ್ಚಿಕೊಂಡರೆಂದು ನನಗೆ ಆಗಲೂ ನೋವಿತ್ತು, ಈಗಲೂ ಇದೆ.

ಹೋದ ವರ್ಷ ಅವರು ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಮಣ್ಣಿಗೆ ಬಂದವರಲ್ಲಿ ಒಬ್ಬರು "ಫೋನ್ ದೂರ ಇಟ್ಟವರೂ ಹೋದ್ರು" ಎಂದರು. ನಾನು ಯಾಕೆ ಅಷ್ಟು ಅತ್ತೆನೆಂದು ನಮ್ಮ ಮನೆಯವರಿಗೂ ತಿಳಿಯಲಿಲ್ಲ.

ಒಂದು ತಿಂಗಳ ಮೇಲೆ ಕಾಕುವಿಗೆ ರೊಟ್ಟಿ ಕೊಡಲು ಹೋಗಿದ್ದೆ. ಅವರು ಕೈ ಹಿಡಿದು ಕೂರಿಸಿಕೊಂಡರು. "ನಿನಗೊಂದು ಹೇಳಬೇಕವಾ. ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು. ಈಗ ಅವರ ಇಲ್ಲ," ಎಂದು ಶುರು ಮಾಡಿದರು.

ಕಟ್ಟೆಯ ಮೇಲೆ 'ಇರಬಹುದು' ಎಂದು ಬಂದ ದಿನ ಕಾಕಾ ಉಣ್ಣಲಿಲ್ಲವಂತೆ. ಮರುದಿನ ಪಿಂಚಣಿ ಕೆಲಸವೆಂದು ಓಣಿಗೆ ಹೇಳಿ ಮೊದಲ ಬಸ್ಸಿಗೆ ಗದಗಕ್ಕೆ ಹೋದರಂತೆ. ಅಲ್ಲಿ ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಚೀಟಿ ಮಾಡಿಸಿ, ಬಸುರಿಯರ ಸಾಲಿನಲ್ಲಿ ಪಾಳಿ ಹಚ್ಚಿ ಈ ವಾಲಿದ ಕುತ್ತಿಗೆಯ ಮುದುಕ ಒಬ್ಬನೇ ಕುಳಿತಿದ್ದನಂತೆ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರಂತೆ. ನರ್ಸು ಬಂದು "ಅಜ್ಜಾ, ಪೇಶಂಟ್ ಎಲ್ಲಿ?" ಎಂದು ಗದರಿದರೆ, "ಪೇಶಂಟ್ ಮನ್ಯಾಗ ಅದಾಳ್ರಿ, ಪ್ರಶ್ನೆ ನಂದು" ಎಂದರಂತೆ. ಮೊದಲ ದಿನ ಡಾಕ್ಟರು ಆಪರೇಷನ್ನಿಗೆ ಹೋದವರು ಹೊರಗೆ ಬರಲೇ ಇಲ್ಲ. ವಾರ ಬಿಟ್ಟು ಬಾ ಎಂದರಂತೆ, ವಾರ ಬಿಟ್ಟು ಮತ್ತೆ ಹೋದರು. ಸಂಜೆ ಹೊತ್ತಿಗೆ ಆ ಡಾಕ್ಟರಮ್ಮ ನಿಂತಲ್ಲೇ ಎರಡು ನಿಮಿಷ ಮಾತಾಡಿ, ಫೋನಿನಿಂದ ಹೋಯಿತು ಎನ್ನಲು ತಮ್ಮ ಬಳಿ ಆಧಾರವಿಲ್ಲ, ಮೂರು ತಿಂಗಳೊಳಗೆ ಹೋಗುವವು ಬಹಳ ಸಲ ಬೀಜದಲ್ಲೇ ಕೂಡಿಬರದೆ ಹೋಗುತ್ತವೆ, ಹುಡುಗಿಯನ್ನು ಸುಮ್ಮನೆ ನೋಯಿಸಬೇಡಿ ಎಂದರಂತೆ. ಅದನ್ನೇ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದು ನಮ್ಮ ಪಡಸಾಲೆಯಲ್ಲಿ ನಿಂತಿದ್ದರು.

"ನನಗ ಯಾಕ ಹೇಳಬ್ಯಾಡ ಅಂದಿದ್ರು?" ಎಂದೆ.

"ಬಾಯಿಲೆ ಇರಬಹುದು ಅಂದ್ರು, ಒಳಗ ಖರೇನ ನಿನ್ನ ತಪ್ಪಂತ ನಂಬಿದ್ರಲ್ಲವಾ. ಅದು ನಿನಗ ತಿಳೀತೈತಿ ಅಂತ ನಾಚಿಕಿ."

ಮನೆಗೆ ಬಂದೆ. ಅತ್ತೆ ನಡುಮನೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಿಂದಲೇ ಹರಳು ಹುಡುಕುತ್ತಾರೆ. ಚುಚ್ಚಬೇಕೆಂದೇ ಹೇಳಿದೆನೋ ಏನೋ, ಗೊತ್ತಿಲ್ಲ. ಎಲ್ಲವನ್ನೂ ಹೇಳಿದೆ: ಎರಡು ದಿನದ ಬಸ್ಸು, ಪಾಳಿ, ನರ್ಸಿನ ಮಾತು. ಅತ್ತೆಯ ಬೆರಳು ನಿಂತವು.

"ನನಗ ಗ್ರಹಣದಾಗ ಹೊರಗ ಹೋಗಿದ್ದಿ, ಅದಕ್ಕ ಹೋತು ಅಂದಿದ್ರು," ಎಂದರು ಆಮೇಲೆ. "ನಮ್ಮತ್ತಿ ಸಾಯೂತನಕ ಅಂದ್ರು. ನನ್ನ ಸಲುವಾಗಿ ಯಾರೂ ಹೋಗಿ ಪಾಳಿ ಹಚ್ಚಲಿಲ್ಲ ನೋಡು."

ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೇವೆ. ಅವರಿಗೂ ಒಂದು ಹೋಗಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪಕ್ಕದಲ್ಲಿ ಕುಳಿತು ಮೊರವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಎಷ್ಟ್ ತಿಂಗಳಾಗಿತ್ರಿ ಅತ್ತೀ?"

"ಏಳು," ಎಂದರು. "ಹೆಣ್ಣಿತ್ತು."